ಸಾಸಿವೆ ದಿಂಬಿನ ಮೇಲೆ ಪಿಟೀಲು

ಹೋದ ತಿಂಗಳು ತೋಟಕ್ಕೆ ಬಂದಿದ್ದ ಕಾಫಿ ವ್ಯಾಪಾರಿಯೊಬ್ಬರು ನನ್ನ ಶೆಡ್ಡಿನೊಳಗೆ ಇಣುಕಿ, "ಇದೇನು ರೈಟ್ರೇ, ಇಲಿ ಬೋನಾ?" ಎಂದು ಕೇಳಿದರು. ಅವರು ಕೈ ತೋರಿಸಿದ್ದು ನನ್ನ ಡ್ರಿಲ್ ಸ್ಟ್ಯಾಂಡಿಗೆ. ಬೇಜಾರೇನೂ ಆಗಲಿಲ್ಲ. ನೋಡುವುದಕ್ಕೆ ಅದು ಹಾಗೇ ಇದೆ. ಒಂದು ಹಲಸಿನ ಹಲಗೆ, ಅದರ ನಡುವೆ ತಲೆ ಎತ್ತಿ ನಿಂತ ಬೋಲ್ಟು, ಮೇಲಿನಿಂದ ಅದರ ನೆತ್ತಿಗೇ ಗುರಿ ಇಟ್ಟ ಡ್ರಿಲ್ ಬಿಟ್. ಇದು ಪಿಟೀಲು ಮಾಡುವ ಸಾಮಾನು ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಬೋಲ್ಟ್ ನೋಡಿದರು, ಆಮೇಲೆ ಪಾರ್ಚ್‌ಮೆಂಟ್ ಕಾಫಿಯ ರೇಟಿನ ಮಾತಿಗೆ ಹೊರಳಿದರು.

ನಾನು ಸೋಮವಾರಪೇಟೆ ಹತ್ತಿರದ ಒಂದು ಅರೇಬಿಕಾ ತೋಟದಲ್ಲಿ ರೈಟರ್. ಹೊರಗಿನವರಿಗೆ ಹೇಳುವುದಾದರೆ, ಕಥೆ ಬರೆಯುವ ರೈಟರ್ ಅಲ್ಲ, ಚೆಕ್‌ರೋಲ್ ಬರೆಯುವ ರೈಟರ್. ಆಳುಗಳ ಲೆಕ್ಕ, ಗೊಬ್ಬರದ ಲೆಕ್ಕ, ಕುಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಉಸ್ತುವಾರಿ, ಇಷ್ಟು ನನ್ನ ಕೆಲಸ. ಪಿಟೀಲು ಮಾಡುವುದು ಸಂಜೆ ಹೊತ್ತಿನ ಹುಚ್ಚು. ಕೊಡಗಿನಲ್ಲಿ ವಾದ್ಯ ಅಂದರೆ ದುಡಿ, ಕೊಂಬು, ವಾಲಗ. ಪಿಟೀಲು ಮಾಡುವವರು ನಮ್ಮ ಸುತ್ತಮುತ್ತ ಒಬ್ಬರೂ ಇಲ್ಲ. ಹಾಗಾಗಿ ತಪ್ಪು ಮಾಡಿದರೆ ನಗುವವರೂ ಇಲ್ಲ, ತಿದ್ದುವವರೂ ಇಲ್ಲ.

ಶುರುವಾಗಿದ್ದು ಮಗಳ ಪಿಟೀಲಿನಿಂದ. ಅವಳು ಪಿಯುಸಿಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಅದರ ಮೇಲ್ಹಲಗೆ ನಡುಗೆರೆಯಲ್ಲೇ ಬಾಯಿ ಬಿಟ್ಟಿತು. ಮಾರಿದ ಅಂಗಡಿಯವರು "ನಿಮ್ಮೂರಿನ ಮಳೆ ಸ್ವಾಮಿ, ನಾವೇನು ಮಾಡೋದು" ಎಂದುಬಿಟ್ಟರು. ಮಳೆಯ ತಪ್ಪೂ ಇತ್ತು ಬಿಡಿ. ಇಲ್ಲಿ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ, ಕೆಂಡದ ಮೇಲೆ ಬುಟ್ಟಿ ಮುಚ್ಚಿ ಬಟ್ಟೆ ಒಣಗಿಸುವ ಊರು ಇದು. ಆದರೆ ಅಡುಗೆಮನೆಯ ತೆಳು ಚಾಕು ಹಾಕಿ ಮೇಲ್ಹಲಗೆ ಬಿಡಿಸಿದಾಗ ನನಗೆ ಕಂಡದ್ದು ಬೇರೆ. ಎಡಗಡೆ 5 ಮಿಲಿಮೀಟರ್ ದಪ್ಪ, ಬಲಗಡೆ 3 ಕೂಡ ಇಲ್ಲ. ಒಳಗೆ ಯಂತ್ರದ ಗೀರು ಗೀರು. ಹೊರಗೆ ಮಾತ್ರ ಕನ್ನಡಿಯಂಥ ಪಾಲಿಶ್.

ಅಂದಿನಿಂದ ದಪ್ಪದ ಯೋಚನೆ ನನ್ನ ತಲೆಗೆ ಹತ್ತಿತು.

ಪಿಟೀಲಿನ ಪಕ್ಕದ ಪಟ್ಟಿಗಳನ್ನು ಬಿಸಿ ಮಾಡಿ ಬಗ್ಗಿಸುತ್ತಾರೆ. ಮೇಲ್ಹಲಗೆಯನ್ನು ಹಾಗೆ ಬಗ್ಗಿಸುವುದಲ್ಲ, ದಪ್ಪ ಮರದ ತುಂಡಿನಿಂದ ಕೆತ್ತಿ ತೆಗೆಯುವುದು. ಸ್ಪ್ರೂಸ್ ಮರದ ಎರಡು ಬೆಣೆಗಳನ್ನು ಪುಸ್ತಕ ಬಿಡಿಸಿದ ಹಾಗೆ ಜೋಡಿಸಿ ಅಂಟಿಸಬೇಕು. ಮೊದಲು ಹೊರಗಿನ ಉಬ್ಬು, ಆಮೇಲೆ ಒಳಗಿನ ತಗ್ಗು. ಉಬ್ಬಿನ ಎತ್ತರ ಸುಮಾರು 15 ಮಿಲಿಮೀಟರ್, ಉದ್ದ 355, ಕೊನೆಗೆ ಉಳಿಯುವ ದಪ್ಪ 2.5ರಿಂದ 3. ನಮ್ಮ ತೋಟದ ಆಚಾರಿಗೆ ಇದನ್ನು ಹೇಳಿದಾಗ ಅವರು ಬೀಡಿ ಕೆಳಗಿಟ್ಟರು. "ಅಷ್ಟು ದುಡ್ಡು ಕೊಟ್ಟು ಮರ ತಂದು ಮುಕ್ಕಾಲು ಪಾಲು ಒಲೆಗೆ ಹಾಕೋದಾ ರೈಟ್ರೇ?" ಅವರು ಅಳತೆ ಹೇಳುವುದು ಈಗಲೂ ನೂಲಿನಲ್ಲಿ, ಇಂಚಿಗೆ ಎಂಟು ನೂಲು. ಅವರ ಲೆಕ್ಕದಲ್ಲಿ ಪಿಟೀಲಿನ ಮೇಲ್ಹಲಗೆ ಒಂದು ನೂಲಿಗೆ ಕೂದಲೆಳೆ ಕಮ್ಮಿ.

ಇನ್ನೂ ತೆಳು ಮಾಡಿದರೆ ನಾದ ಜಾಸ್ತಿ ಅಲ್ವಾ ಎಂದು ಮಗಳು ಕೇಳಿದ್ದಳು. ನಾಲ್ಕು ತಂತಿ ಸೇರಿ ಇಪ್ಪತ್ತು ಕಿಲೋಗಿಂತ ಜಾಸ್ತಿ ಎಳೆಯುತ್ತವೆ, ಅದರಲ್ಲಿ ಒಂದು ಪಾಲು ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ ಮೂಲಕ ಮೇಲ್ಹಲಗೆಯನ್ನು ಕೆಳಕ್ಕೆ ಒತ್ತುತ್ತಲೇ ಇರುತ್ತದೆ. ತೆಳು ಜಾಸ್ತಿಯಾದರೆ ಕುಸಿಯುತ್ತದೆ, ದಪ್ಪ ಜಾಸ್ತಿಯಾದರೆ ಮೂಕವಾಗುತ್ತದೆ. ಮೈಸೂರಿನ ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸುತ್ತಿದ್ದರಲ್ಲ, ಅದರ ಮೇಲ್ಹಲಗೆ ಒಳಗಿಂದ ಹೇಗಿತ್ತು ಎಂದು ನೋಡುವ ಆಸೆ ನನಗೆ ಇವತ್ತಿಗೂ ಇದೆ.

ನನಗಿರುವ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆ. ಅದರ ನಡುವೆಯೇ ಯಾರೋ ಅಡ್ವಾನ್ಸ್ ಕೇಳಲು ಬರುತ್ತಾರೆ, ಆನೆ ಬಂತು ಅಂತ ಫೋನ್ ಬರುತ್ತದೆ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ, ಇನ್ನೆಷ್ಟು ತೆಗೆಯಬಹುದು ಎಂಬುದು ಕೈಗೆ ನೆನಪಿರುವುದಿಲ್ಲ. ಇಡೀ ದಿನ ಇದನ್ನೇ ಮಾಡುವವರ ಬೆರಳಿಗೆ ದಪ್ಪ ಗೊತ್ತಾಗುತ್ತದಂತೆ. ನನ್ನ ಬೆರಳಿಗೆ ಗೊತ್ತಾಗುವುದು ಕಾಫಿ ಹಣ್ಣು ಬಲಿತಿದೆಯೋ ಇಲ್ಲವೋ ಎನ್ನುವುದು ಮಾತ್ರ. ಅದಕ್ಕೇ ಜಿಗ್, ಅಂದರೆ ಕೆಲಸವನ್ನು ಅಳತೆಗೆ ಹಿಡಿದಿಡುವ ಸಲಕರಣೆಗಳನ್ನು ಮಾಡಿಕೊಂಡೆ. ನನ್ನ ಬದಲು ನೆನಪಿಟ್ಟುಕೊಳ್ಳುವ ಕೆಲಸ ಅವುಗಳದು.

ಫರ್ಮಾಗಳ ವಿಷಯ ಬೇಗ ಮುಗಿಸುತ್ತೇನೆ. ಉಬ್ಬಿನ ಆಕಾರ ನೋಡಲು ಅಡ್ಡಕ್ಕೆ ಐದು, ಉದ್ದಕ್ಕೆ ಒಂದು ಫರ್ಮಾ ಬೇಕು. ಪ್ಲೈವುಡ್‌ನಲ್ಲಿ ಮಾಡಿದೆ, ಮಳೆಗೆ ಊದಿತು. ಆಮೇಲೆ ಪೇಟೆಯ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬಿಸಾಕುವ ಆಫ್‌ಸೆಟ್ ಪ್ಲೇಟ್ ಸಿಕ್ಕಿತು. ತೆಳು ಅಲ್ಯೂಮಿನಿಯಂ, ಕತ್ತರಿಯಲ್ಲೇ ಕತ್ತರಿಸಬಹುದು. ನನ್ನ ಒಂದು ಫರ್ಮಾದ ಮೇಲೆ ಯಾರದೋ ಗೃಹಪ್ರವೇಶದ ಕರೆಯೋಲೆ ಈಗಲೂ ಕಾಣುತ್ತದೆ.

ಕೆತ್ತುವಾಗ ಹಲಗೆಯನ್ನು ಕೂರಿಸುವ ತೊಟ್ಟಿಲಿನದು ದೊಡ್ಡ ಕಥೆ. ಹೊರಗಿನ ಉಬ್ಬು ಮುಗಿದ ಮೇಲೆ ಹಲಗೆಯನ್ನು ಬೋರಲು ಹಾಕಿ ಒಳಗೆ ಕೆತ್ತಬೇಕು. ಉಬ್ಬಿದ್ದು ಮೇಜಿನ ಮೇಲೆ ಕೂರುತ್ತದೆಯೇ? ಆಮೆಯನ್ನು ಮಗುಚಿ ಹಾಕಿದ ಹಾಗೆ ಗಿರಗಿರ ತಿರುಗುತ್ತದೆ. ಅದಕ್ಕೆ 18 ಮಿಲಿಮೀಟರ್ ಪ್ಲೈವುಡ್ ಎರಡು ಪದರ ಅಂಟಿಸಿ, ಮೇಲಿನ ಪದರದಲ್ಲಿ ಪಿಟೀಲಿನ ಆಕಾರದ ಗುಂಡಿ ತೆಗೆದೆ. ಹಲಗೆಯ ಅಂಚು ಗುಂಡಿಯ ದಡದ ಮೇಲೆ ಕೂರುತ್ತದೆ, ಉಬ್ಬು ಒಳಗೆ ಇಳಿಯುತ್ತದೆ. ಹಳೆ ಕಿಟಕಿಗೆ ಇರುತ್ತದಲ್ಲ, ತಿರುಗಿಸುವ ಮರದ ಬಿರಟೆ, ಅಂಥವು ಆರು ಸುತ್ತಲೂ ಇವೆ. ತಿರುಗಿಸಿದರೆ ಹಲಗೆ ಅಲ್ಲಾಡುವುದಿಲ್ಲ.

ದಡಕ್ಕೆ ಮೊದಲು ಸೈಕಲ್ ಟ್ಯೂಬ್ ಅಂಟಿಸಿದ್ದೆ. ಅದು ತಪ್ಪು. ರಬ್ಬರ್ ಮೇಲೆ ಹಲಗೆ ಕುಣಿಯುತ್ತದೆ, ಉಳಿ ಕಚ್ಚುವ ಬದಲು ನೆಗೆಯುತ್ತದೆ. ಟ್ಯೂಬ್ ಕಿತ್ತು ಹಳೆ ಕಂಬಳಿಯ ಪಟ್ಟಿ ಅಂಟಿಸಿದೆ, ಸರಿಹೋಯಿತು. ಆದರೆ ಒಳಗೆ ತೆಗೆಯುತ್ತಾ ತೆಗೆಯುತ್ತಾ 5 ಮಿಲಿಮೀಟರ್‌ಗೆ ಬಂದಾಗ ಹೊಸ ತೊಂದರೆ. ಉಬ್ಬಿನ ಅಡಿಯಲ್ಲಿ ಗುಂಡಿ ಖಾಲಿ. ಉಳಿ ಒತ್ತಿದಾಗ ಹಲಗೆ ಬಾಗುತ್ತದೆ, ಒತ್ತಡ ಬಿಟ್ಟರೆ ಮೇಲೆ ಬರುತ್ತದೆ. ಕೆತ್ತಿದ್ದೆಷ್ಟು, ಬಾಗಿದ್ದೆಷ್ಟು, ಗೊತ್ತೇ ಆಗುವುದಿಲ್ಲ. ಗುಂಡಿಗೆ ಏನಾದರೂ ತುಂಬಬೇಕು. ಹತ್ತಿ ಮೆತ್ತಗಾಯಿತು. ಮರಳಿನ ಚೀಲ ಇಟ್ಟೆ, ಹೊಲಿಗೆಯಿಂದ ಜಿನುಗಿದ ಒಂದೇ ಒಂದು ಮರಳಿನ ಕಾಳು ಸ್ಪ್ರೂಸ್ ಮೇಲೆ ಗೆರೆ ಎಳೆಯಿತು. ಸ್ಪ್ರೂಸ್ ಎಷ್ಟು ಮೆದು ಅಂದರೆ ಉಗುರಿನಲ್ಲಿ ಗೀಚಿದರೂ ಗುರುತು ಬೀಳುತ್ತದೆ.

ಆಗ ಸಿಕ್ಕಿದ್ದು ಸಾಸಿವೆ ದಿಂಬು. ಎಳೆಗೂಸಿನ ತಲೆ ಗುಂಡಗಾಗಲಿ ಎಂದು ಇಡುತ್ತಾರಲ್ಲ, ಅದು. ಮಗಳದು. ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ ಅವಳ ಕುಲಾವಿ, ಬೆಳ್ಳಿ ಒಳಲೆ ಜೊತೆಗೆ ಇತ್ತು. ತೊಟ್ಟಿಲಿನ ಗುಂಡಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸಾಸಿವೆ ಕಾಳು ಒಂದರ ಮೇಲೊಂದು ಜಾರಿ ಉಬ್ಬಿಗೆ ತಕ್ಕ ಹಾಗೆ ಜಾಗ ಮಾಡಿಕೊಡುತ್ತದೆ, ಹಲಗೆ ಕೂತ ಮೇಲೆ ಬಿಗಿಯಾಗಿ ನಿಲ್ಲುತ್ತದೆ. ಕಾಳು ನಜ್ಜುಗುಜ್ಜಾದರೆ ಎಣ್ಣೆ ಬಿಟ್ಟೀತು ಎಂದು ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಕುತ್ತೇನೆ. ನಮ್ಮ ಮನೆಯವಳು ಮೊದಲ ಸಲ ನೋಡಿದಾಗ, "ರೀ, ಅದಕ್ಕೆ ಜೋಗುಳ ಒಂದು ಬಾಕಿ" ಎಂದಳು.

ಇನ್ನು ಇಲಿ ಬೋನು.

ಕಾಫಿ ಪಲ್ಪರ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಿರುಗುವ ಡ್ರಮ್ಮಿಗೂ ಎದುರಿನ ಪ್ಲೇಟಿಗೂ ನಡುವೆ ಒಂದು ಸಂದು ಇರುತ್ತದೆ. ಸಂದು ಕಿರಿದಾದರೆ ಬೀಜಕ್ಕೆ ಪೆಟ್ಟು, ಅಗಲವಾದರೆ ಹಣ್ಣು ಸಿಪ್ಪೆ ಬಿಡದೆ ಹಾಗೇ ಹೋಗುತ್ತದೆ. ಪ್ರತಿ ವರ್ಷ ಕುಯ್ಲಿಗೆ ಮೊದಲು ಆ ಸಂದು ಹೊಂದಿಸುವುದು ನನ್ನ ಕೆಲಸ. ಒಂದು ಡಿಸೆಂಬರ್ ರಾತ್ರಿ ಪಲ್ಪರ್ ಮುಂದೆ ಕೂತಿದ್ದಾಗ ಹೊಳೆಯಿತು, ಪಿಟೀಲಿಗೂ ಬೇಕಾದ್ದು ಸಂದೇ. ಬೋಲ್ಟಿನ ತಲೆಗೂ ಡ್ರಿಲ್ ಬಿಟ್‌ನ ಮೂತಿಗೂ ನಡುವೆ 3.5 ಮಿಲಿಮೀಟರ್ ಬಿಟ್ಟು ಡ್ರಿಲ್ ಅದಕ್ಕಿಂತ ಕೆಳಗೆ ಇಳಿಯದ ಹಾಗೆ ತಡೆ ಹಾಕಿದರೆ, ಹಲಗೆ ಎಷ್ಟೇ ಉಬ್ಬಿರಲಿ, ಎಷ್ಟೇ ತಗ್ಗಿರಲಿ, ತೂತಿನ ತಳದಲ್ಲಿ ಉಳಿಯುವುದು 3.5. ಇದು ನನ್ನ ಶೋಧ ಎಂದು ಒಂದು ವಾರ ಬೀಗಿದ್ದೆ. ಪಿಟೀಲು ಮಾಡುವವರು ಇದನ್ನು ಎಷ್ಟೋ ಕಾಲದಿಂದ ಮಾಡುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ಕೆಲಸ ಹೀಗೆ. ಹಲಗೆಯ ಒಳಮೈ ಮೇಲೆ ಮಾಡಿ, ಹೊರ ಉಬ್ಬನ್ನು ಬೋಲ್ಟಿನ ತಲೆಯ ಮೇಲೆ ಇಡುತ್ತೇನೆ. ಹಿಡಿ ಒತ್ತುತ್ತೇನೆ, ಬಿಟ್ ಇಳಿದು ತಡೆಗೆ ತಾಗಿ ನಿಲ್ಲುತ್ತದೆ. ಹಲಗೆಯನ್ನು ಒಂದೂವರೆ ಸೆಂಟಿಮೀಟರ್ ಸರಿಸಿ ಇನ್ನೊಂದು. ಹೀಗೆ ಇನ್ನೂರು ತೂತು. ನೋಡಲು ಇಡ್ಲಿ ತಟ್ಟೆ. ಪ್ರತಿ ತೂತಿನ ತಳಕ್ಕೆ ಸ್ಕೆಚ್ ಪೆನ್ನಿನಿಂದ ಒಂದು ಕಪ್ಪು ಚುಕ್ಕೆ. ಆಮೇಲೆ ದುಂಡುಬಾಯಿಯ ಉಳಿ ಹಿಡಿದು, ನಾರಿಗೆ ಅಡ್ಡಡ್ಡ ತೆಗೆಯುತ್ತಾ ಹೋಗುವುದು. ಉದ್ದಕ್ಕೆ ತೆಗೆದರೆ ಸ್ಪ್ರೂಸ್ ಸೀಳಿಕೊಂಡು ಓಡುತ್ತದೆ. ಕಪ್ಪು ಚುಕ್ಕೆ ಸಿಕ್ಕಿತೋ, ಅಲ್ಲಿ ನಿಲ್ಲಬೇಕು. ನಡುವೆ ಆನೆ ಬಂದರೂ ಚಿಂತೆಯಿಲ್ಲ. ಮೂರು ದಿನ ಬಿಟ್ಟು ಬಂದರೂ ಚುಕ್ಕೆ ಅಲ್ಲೇ ಕಾದಿರುತ್ತದೆ.

ಸಂದು ಅಳೆಯಲು ಗೇಜ್ ಬೇಕಿಲ್ಲ. 3.5ರ ಇನ್ನೊಂದು ಬಿಟ್ ತೆಗೆದುಕೊಂಡು ಅದರ ನುಣುಪು ಬಾಲವನ್ನು ಸಂದಿನಲ್ಲಿ ತೂರಿಸಿ ನೋಡಿದರೆ ಆಯಿತು. ತುಸು ಉಜ್ಜಿಕೊಂಡು ಹೋಗಬೇಕು, ಸಿಕ್ಕಿಹಾಕಿಕೊಳ್ಳಬಾರದು. ಬೋಲ್ಟಿನ ತಲೆ ಸ್ಪ್ರೂಸಿಗೆ ಅಚ್ಚು ಒತ್ತುತ್ತಿತ್ತು. ಹಳೆ ಕೇರಂ ಸ್ಟ್ರೈಕರ್‌ನ ತುಂಡು ಕತ್ತರಿಸಿ, ಗುಂಡಗೆ ಉಜ್ಜಿ, ತಲೆಗೆ ಟೋಪಿ ಹಾಕಿದೆ.

ಒಂದು ಮೋಸ ಇದೆ, ಗುಡ್ಡದ ಮೇಲೆ ಗಿಡ ನೆಟ್ಟವರಿಗೆ ಗೊತ್ತಿರುವುದೇ. ಇಳಿಜಾರಿನಲ್ಲಿ ನೆಲದ ಮೇಲೆ ಟೇಪ್ ಹಾಸಿದರೆ ಒಂದು ಅಳತೆ, ಮಟ್ಟವಾಗಿ ಹಿಡಿದರೆ ಇನ್ನೊಂದು. ಉಬ್ಬಿನ ಇಳಿಜಾರಿನಲ್ಲೂ ಹಾಗೇ. ಹಲಗೆಯನ್ನು ಮೇಜಿಗೆ ಸಮನಾಗಿ ಹಿಡಿದು ತೂತು ಹೊಡೆದರೆ, 20 ಡಿಗ್ರಿ ಇಳಿಜಾರಿನಲ್ಲಿ 3.5 ಅಂದುಕೊಂಡದ್ದು ನಿಜವಾಗಿ 3.3 ಆಗಿರುತ್ತದೆ. ಅದಕ್ಕೆ ಅಂಚಿನ ಕಡೆ ಹೋದಾಗ ಹಲಗೆಯನ್ನೇ ಓರೆ ಮಾಡಿ, ಬೋಲ್ಟಿನ ಮೇಲಿರುವ ಆ ಒಂದು ಜಾಗ ಮಟ್ಟವಾಗಿರುವಂತೆ ಹಿಡಿಯಬೇಕು. ಎರಡು ಕೈ ಸಾಲುವುದಿಲ್ಲ. ಡ್ರಿಲ್ ಇಳಿಸಲು ಕಾಲಲ್ಲಿ ಒತ್ತುವ ಹಗ್ಗ ಕಟ್ಟಿಕೊಂಡಿದ್ದೇನೆ.

ಈಗ ನನ್ನ ದೊಡ್ಡ ಎಡವಟ್ಟು. ಮೊದಲ ಪಿಟೀಲನ್ನು ತೋಟದ ಸಿಲ್ವರ್ ಓಕ್‌ನಲ್ಲಿ ಮಾಡಿದ್ದೆ, ಮೆಣಸಿನ ಬಳ್ಳಿ ಹಬ್ಬಿದ್ದ ಮರ, ಗಾಳಿಗೆ ಬಿದ್ದದ್ದು. ಕೈ ಪಳಗಲಿ ಅಂತ. ಅದರ ನಾದದ ಬಗ್ಗೆ ಏನೂ ಕೇಳಬೇಡಿ. ಎರಡನೆಯದಕ್ಕೆ ಯುರೋಪಿನಿಂದ ಬಂದ ಸ್ಪ್ರೂಸ್ ತರಿಸಿದೆ. ಬೆಲೆ ಬರೆಯುವುದಿಲ್ಲ, ಮನೆಯವಳೂ ಇದನ್ನು ಓದುತ್ತಾಳೆ. ಬಿಳಿ ಹಲಗೆ, ಬಾಚಣಿಗೆ ಹಲ್ಲಿನ ಹಾಗೆ ನೇರ ಗೆರೆಗಳು. ಉಬ್ಬು ಚೆನ್ನಾಗಿ ಬಂತು. ಡ್ರಿಲ್ ಸ್ಟ್ಯಾಂಡಿಗೆ ಕೂತೆ, ಒಂದೇ ಉಸಿರಿಗೆ ಇನ್ನೂರು ತೂತು ಹೊಡೆದೆ. ಉಳಿ ಹಾಕಿದೆ, ಚುಕ್ಕೆ ತನಕ ಇಳಿದೆ. ಆಮೇಲೆ ಸುಮ್ನೆ ಒಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಸ್ಪ್ರೂಸ್ ತೆಳುವಾದರೆ ಬಲ್ಬಿನ ಮುಂದೆ ಕೆಂಪಗೆ ಹೊಳೆಯುತ್ತದೆ. ನನ್ನ ಹಲಗೆಯ ಒಂದು ಕಡೆ ಮಂದ, ಇನ್ನೊಂದು ಕಡೆ ಕಿತ್ತಳೆ ಸಿಪ್ಪೆಯಂತೆ ಹೊಳೆಯುತ್ತಿತ್ತು. ಎದೆ ಧಸಕ್ಕೆಂದಿತು. ಅಳೆದರೆ 2.1.

ಆದದ್ದು ಇಷ್ಟೇ. ಡ್ರಿಲ್ಲಿನ ಅದುರಿಗೆ ತಡೆಯ ನಟ್ ಒಂದೊಂದೇ ಎಳೆ ಸಡಿಲವಾಗಿದೆ. ಒಮ್ಮೆಲೇ ಸಡಿಲವಾಗಿದ್ದರೆ ಗೊತ್ತಾಗುತ್ತಿತ್ತು. ಪ್ರತಿ ತೂತಿಗೆ ಕಾಣದಷ್ಟು ಇಳಿದು, ಕೊನೆಯ ಸಾಲಿಗೆ ಬರುವಾಗ ಒಂದು ಮಿಲಿಮೀಟರಿಗಿಂತ ಜಾಸ್ತಿ ಇಳಿದಿತ್ತು. ಚುಕ್ಕೆ ಇಟ್ಟವನು ನಾನೇ, ಚುಕ್ಕೆಯನ್ನು ನಂಬಿದವನೂ ನಾನೇ. ಎರಡು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಆಚಾರಿ ಬಂದು ನೋಡಿ, ತಲೆ ಕೆರೆದುಕೊಂಡು, "ನಟ್ ಮೇಲೆ ಇನ್ನೊಂದು ನಟ್ ಹಾಕ್ಬೇಕಲ್ವಾ ರೈಟ್ರೇ, ಪಲ್ಪರ್‌ಗೆ ಹಾಕ್ತೀರಲ್ಲ?" ಎಂದರು. ಹೌದು. ಪಲ್ಪರ್‌ಗೆ ಹಾಕುತ್ತೇನೆ. ಇಪ್ಪತ್ತು ವರ್ಷದಿಂದ ನಾನೇ ಹಾಕುತ್ತಿದ್ದೇನೆ.

ಈಗ ಎರಡು ನಟ್ ಒಂದಕ್ಕೊಂದು ಬಿಗಿದಿವೆ. ಪ್ರತಿ ಹತ್ತು ತೂತಿಗೊಮ್ಮೆ ಬಿಟ್‌ನ ಬಾಲ ತೂರಿಸಿ ನೋಡುತ್ತೇನೆ. ಆ ಹಲಗೆ ಗೋಡೆಯ ಮೇಲೆ ನೇತಾಡುತ್ತಿದೆ, ಮಸ್ಟರ್ ಚೀಟಿ ಸಿಕ್ಕಿಸಲು ಅನುಕೂಲ.

3.5ರಿಂದ 2.8ಕ್ಕೆ ಇಳಿಯುವ ಕೊನೆಯ ದಾರಿಗೆ ಯಾವ ಜಿಗ್ ಕೂಡ ಬರುವುದಿಲ್ಲ. ಹೆಬ್ಬೆರಳಿನಷ್ಟು ಸಣ್ಣ ಕೀಸುಳಿ, ಆಮೇಲೆ ಹಳೆ ಗರಗಸದ ತಗಡಿನಿಂದ ಕತ್ತರಿಸಿದ ಸ್ಕ್ರೇಪರ್. ಅಳೆಯಲು ಉದ್ದ ಬಾಯಿಯ ಕ್ಯಾಲಿಪರ್ ಮಾಡಿಕೊಂಡಿದ್ದೇನೆ, ಪ್ಲೈವುಡ್‌ನ ಲಾಳ, ಅದರ ತುದಿಗೆ ಡಯಲ್ ಗೇಜ್. ಮೊದಲು ಒಂದೇ ಪದರದಲ್ಲಿ ಮಾಡಿದಾಗ ಲಾಳದ ಬಾಯಿಯೇ ಅರಳಿ ಸುಳ್ಳು ಹೇಳುತ್ತಿತ್ತು, ಎರಡು ಪದರ ಮಾಡಿದ ಮೇಲೆ ನಂಬಬಹುದು. ಈ ಕೆಲಸ ರಾತ್ರಿಯೇ ಆಗಬೇಕು. ದೊಡ್ಡ ಲೈಟು ಆರಿಸಿ ಟಾರ್ಚನ್ನು ಮೇಜಿನ ಮೇಲೆ ಮಲಗಿಸಿದರೆ ಬೆಳಕು ಹಲಗೆಯ ಮೈ ಸವರಿಕೊಂಡು ಹೋಗುತ್ತದೆ. ಹಗಲಲ್ಲಿ ನುಣುಪಾಗಿ ಕಂಡ ಜಾಗದಲ್ಲಿ ಆಗ ಗುಡ್ಡ, ಕಣಿವೆ ಎಲ್ಲ ಎದ್ದು ಕೂರುತ್ತವೆ. ಸ್ಕ್ರೇಪರ್ ಎಳೆದಾಗ ಏಳುವ ಹೊಟ್ಟು ಈರುಳ್ಳಿ ಸಿಪ್ಪೆಗಿಂತ ತೆಳು, ಉಸಿರಿಗೇ ಹಾರುತ್ತದೆ. ಕೊನೆಗೆ ಏಲಕ್ಕಿ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಕ. ಮೂರನೆಯ ಪಿಟೀಲಿನ ಮೇಲ್ಹಲಗೆ 74 ಗ್ರಾಂ ಬಂತು. ತುಸು ಜಾಸ್ತಿಯೇ. ಎರಡನೆಯದರ ಹೆದರಿಕೆ ಕೈಯಲ್ಲಿ ಇನ್ನೂ ಇತ್ತು.

ಮರ ಕೊರೆಯುವ ರೂಟರ್ ಕಟ್ಟಿ ನಕಲು ತೆಗೆಯುವ ಯಂತ್ರ ಯಾಕೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. ಮಾಡಿದೆ. ಒಂದು ಕಡೆ ಮಾದರಿಯ ಮೇಲೆ ಕಡ್ಡಿ ಆಡಿಸಿದರೆ ಇನ್ನೊಂದು ಕಡೆ ರೂಟರ್ ಅದನ್ನೇ ಕೆತ್ತುತ್ತದೆ. ಎರಡು ತಿಂಗಳು ಹೋಯಿತು. ಮಾದರಿಯ ತಪ್ಪನ್ನೆಲ್ಲ ಚಾಚೂ ತಪ್ಪದೆ ನಕಲು ಮಾಡಿತು, ಮೇಲೆ ತನ್ನದೊಂದಿಷ್ಟು ಸೇರಿಸಿತು. ಸದ್ದು ಬೇರೆ, ಧೂಳು ಬೇರೆ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಬಿಚ್ಚಿ ಹಾಕಿದೆ. ಅದರ ಪ್ಲೈವುಡ್ ಈಗ ಉಪ್ಪಿನಕಾಯಿ ಜಾಡಿಗಳ ಶೆಲ್ಫ್.

ಇನ್ನು ಕೆಲವರು, ಕೈಕೆಲಸ ಅಂದಮೇಲೆ ಜಿಗ್ ಯಾಕೆ ಎನ್ನುತ್ತಾರೆ. ಪಿಟೀಲು ಮಾಡುವುದರಲ್ಲಿ ಹೆಸರಾದ ಸ್ಟ್ರಾಡಿವರಿ ತೀರಿಕೊಂಡಿದ್ದು 1737ರಲ್ಲಿ. ಅವನ ಮರದ ಅಚ್ಚುಗಳು, ಫರ್ಮಾಗಳು ಇಟಲಿಯ ಕ್ರೆಮೋನಾದ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ. ಅಚ್ಚುಗಳ ಮೇಲೆ ಜಿ, ಪಿಜಿ ಎಂದೆಲ್ಲ ಅಕ್ಷರ ಬರೆದುಕೊಂಡಿದ್ದ. ಅಷ್ಟು ದೊಡ್ಡ ಕೈಗೇ ಅಚ್ಚು ಬೇಕಿತ್ತು. ನಾನು ಚೆಕ್‌ರೋಲ್ ಬರೆಯುವವನು.

ಈಗ ನಾಲ್ಕನೆಯ ಪಿಟೀಲು ನಡೆಯುತ್ತಿದೆ. ಮೇಲ್ಹಲಗೆ ಮುಗಿದು ಬಲ್ಬಿನ ಪೆಟ್ಟಿಗೆಯಲ್ಲಿ ಬೆಚ್ಚಗಿದೆ. ಮೇಪಲ್ ಮರದ ಹಿಂಹಲಗೆ ತೊಟ್ಟಿಲಿಗೆ ಬರಬೇಕು. ಅದರ ನಡುಭಾಗ 4.5ರ ಹತ್ತಿರ ಉಳಿಯಬೇಕು, ಅದಕ್ಕೆ ಅಲ್ಲಿ ಸಂದು 5.2ಕ್ಕೆ ಏರಿಸಿ, ಅಂಚಿನ ಕಡೆ ಹೋದ ಹಾಗೆ ಇಳಿಸಿಕೊಳ್ಳಬೇಕು. ಎಲ್ಲ ತಯಾರಿದೆ. ತೊಟ್ಟಿಲೊಳಗೆ ದಿಂಬು ಮಾತ್ರ ಇಲ್ಲ.

ಮಗಳು ಬಾಣಂತನಕ್ಕೆ ಬರುತ್ತಾಳೆ. ಮನೆಯವಳು ಹೋದ ವಾರ ಶೆಡ್ಡಿಗೆ ಬಂದವಳೇ ದಿಂಬು ಎತ್ತಿಕೊಂಡು ಹೋದಳು. ಗವಸು ಒಗೆದಾಯಿತು, ಹೊಸ ಸಾಸಿವೆ ತುಂಬಿಸಿಯೂ ಆಯಿತು. "ಇನ್ನೊಂದು ಹೊಲಿದುಕೊಡೇ" ಎಂದರೆ, ಈಗ ಕುಲಾವಿ ಹೊಲಿಯಬೇಕು, ಪುರುಸೊತ್ತಿಲ್ಲ ಎಂದಳು. ನಾನೇ ಹಳೆ ಪಂಚೆಯಲ್ಲಿ ಒಂದು ಚೀಲ ಹೊಲಿದು ರಾಗಿ ತುಂಬಿದೆ. ಸಾಸಿವೆಯಷ್ಟು ಸಲೀಸಾಗಿ ಜಾರುವುದಿಲ್ಲ, ಆದರೂ ಪರವಾಗಿಲ್ಲ ಅನ್ನಿಸಿತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಚೀಲಕ್ಕೆ ಎರಡು ತೂತು, ತೊಟ್ಟಿಲ ತುಂಬ ರಾಗಿ ಹೊಟ್ಟು. ಈಗ ಡ್ರಿಲ್ ಸ್ಟ್ಯಾಂಡಿನ ಪಕ್ಕದಲ್ಲೇ ನಿಜವಾದ ಇಲಿ ಬೋನೂ ಒಂದಿದೆ.